ಹಕ್ಕರಿಕೆಯ ಕಹಿ

ಫಕ್ಕೀರವ್ವನ ಮನೆಗೆ ಬಿಸಿಲಿರಲಿಲ್ಲ. ಹುಬ್ಬಳ್ಳಿಯ ಆ ಓಣಿಯ ಎರಡೂ ಬದಿಗೆ ಹದಿನೆಂಟು ಮಹಡಿಯ ಕಟ್ಟಡಗಳು ಎದ್ದ ಮೇಲೆ ಅವಳ ಹಿತ್ತಿಲಿಗೆ ಬೀಳುತ್ತಿದ್ದದ್ದು ಮೇಲಿನವರ ಏಸಿಯ ನೀರು ಮಾತ್ರ. ಆದರೂ 2061ರ ಆ ಬೆಳಿಗ್ಗೆ ಅಡುಗೆಮನೆಯ ಮೂಲೆಯ ಪೆಟ್ಟಿಗೆ ತೆರೆದಾಗ, ಅದರ ಐದು ಅಂತಸ್ತುಗಳಲ್ಲಿ ಐದು ಬಗೆಯ ಸೊಪ್ಪು ಗೇಣುದ್ದ ನಿಂತಿತ್ತು: ಹಕ್ಕರಿಕೆ, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ, ಪುಂಡಿ. ಬೀಜ ಹಾಕಿ ಮೂರೇ ದಿನವಾಗಿತ್ತು.

"ಯವ್ವಾ, ಇದು ಯಂತ್ರನೋ ಮಾಟನೋ?"

"ಯಂತ್ರರೀ ಅಕ್ಕಾ. ಮಾಟ ಆಗಿದ್ರ ನನಗ ಇಷ್ಟು ವರ್ಷ ಹಿಡೀತಿರಲಿಲ್ಲ," ಎಂದು ನೀಲಗಂಗಾ ನಕ್ಕಳು. ಪೆಟ್ಟಿಗೆ ಕಟ್ಟಿದ ಸಸ್ಯವಿಜ್ಞಾನಿ ಅವಳೇ. ಮಣ್ಣಿಲ್ಲ, ಗಾಳಿಯಲ್ಲಿ ಇಳಿಬಿದ್ದ ಬೇರಿಗೆ ಗೊಬ್ಬರದ ಸತ್ವ ಬೆರೆತ ಮಂಜು ತಾಗುತ್ತದೆ. ಕೆಂಪು, ನೀಲಿ ದೀಪಗಳು ಎರಡು ತಾಸಿಗೊಮ್ಮೆ ಹತ್ತಿ ಆರುತ್ತವೆ. ಸಸಿಯ ಪಾಲಿಗೆ ಅಷ್ಟಕ್ಕೇ ಒಂದು ದಿನ ಮುಗಿದಂತೆ.

ಫಕ್ಕೀರವ್ವನ ಪಡಸಾಲೆಯೇ ಖಾನಾವಳಿ. ಜೋಳದ ರೊಟ್ಟಿಯ ತಟ್ಟೆಯ ಅಂಚಿನಲ್ಲಿ ಹಸಿ ಸೊಪ್ಪು ಇಲ್ಲದಿದ್ದರೆ ಅಲ್ಲಿ ಉಣ್ಣುವವರು ಅದನ್ನು ಊಟವೆನ್ನುತ್ತಿರಲಿಲ್ಲ. ಪೇಟೆಯ ಸೊಪ್ಪು ಶೈತ್ಯಾಗಾರದಿಂದ ಹೊರಬಂದ ಅರ್ಧ ತಾಸಿಗೇ ಬಾಡುತ್ತಿತ್ತು. ಹಕ್ಕರಿಕೆಯಂತೂ ಪೇಟೆಗೇ ಬರುತ್ತಿರಲಿಲ್ಲ. ಎಂದೋ ಅವಳ ತಮ್ಮ ತನ್ನ ಹೊಲದಿಂದ ತಂದುಕೊಟ್ಟಿದ್ದ ಒಂದು ಹಿಡಿ ಬೀಜ ಅವಳಲ್ಲಿತ್ತು. ಅದನ್ನೆಲ್ಲ ಪೆಟ್ಟಿಗೆಗೆ ಸುರಿದಿದ್ದಳು. ಇದೂ ಕೈಕೊಟ್ಟರೆ ದಸರೆಗೆ ಖಾನಾವಳಿಯ ಬಾಗಿಲು ಹಾಕುವುದೆಂದು ತೀರ್ಮಾನಿಸಿದ್ದಳು.

ಪೆಟ್ಟಿಗೆ ಕೈಕೊಡಲಿಲ್ಲ. ವಾರದೊಳಗೆ ಕೂರಲು ಜಾಗ ಸಾಲದಾಯಿತು. ಬಸ್ ಡಿಪೋದ ಮೆಕ್ಯಾನಿಕ್ ಗೂಳಪ್ಪ ಮಾತ್ರ ಹಕ್ಕರಿಕೆಯ ಮೊದಲ ಎಲೆಗೇ ಮುಖ ಕಿವುಚಿದ.

"ಅಕ್ಕಾ, ಇದರ ಕಹಿ ನಮ್ಮ ಮಾವನ ಮಾತಿನಂಗ ಐತಿ."

"ಮಾವಗ ನಾ ಏನೂ ಮಾಡಾಕ ಬರಂಗಿಲ್ಲ, ಇದಕ್ಕ ಮಾಡ್ತೀನಿ ತಡಿ."

ಸೊಪ್ಪಿನ ರುಚಿಗೆಂದು ಪ್ರತಿ ಅಂತಸ್ತಿಗೂ ಒಂದು 'ಹೆಚ್ಚು', ಒಂದು 'ಕಡಿಮೆ' ಗುಂಡಿಯಿತ್ತು. 'ಕಡಿಮೆ' ಒತ್ತಿದರೆ ಪೆಟ್ಟಿಗೆ ಅತ್ಯಂತ ಸಪ್ಪೆಯ ಗಿಡವನ್ನು ಮಾತ್ರ ಹೂಬಿಡಲು ಬಿಟ್ಟು, ಅದರ ಬೀಜದಿಂದಲೇ ಮುಂದಿನ ಬೆಳೆ ತೆಗೆಯುತ್ತಿತ್ತು. ರೈತರು ನೂರು ವರ್ಷ ಮಾಡುತ್ತಿದ್ದ ತಳಿಯ ಆಯ್ಕೆಯನ್ನು ಅದು ತಿಂಗಳುಗಳಲ್ಲಿ ಮುಗಿಸುತ್ತಿತ್ತು. ಉಣ್ಣಲು ಕೂತವರು ಮುಖ ಕಿವುಚಬಾರದೆಂಬುದು ಫಕ್ಕೀರವ್ವನ ನೇಮ. ಯಾರು ಕಿವುಚಿದರೂ ರೊಟ್ಟಿ ಬಡಿಯುವ ಕೈಯಿಂದಲೇ ಗುಂಡಿ ಒತ್ತಿ ಬರುತ್ತಿದ್ದಳು. ಗುಂಡಿಗೆ ಹಿಟ್ಟು ಮೆತ್ತಿ ಅಕ್ಷರ ಕಾಣದಾಯಿತು.

ಮೂರು ವರ್ಷದಲ್ಲಿ ಓಣಿಯ ಅಡುಗೆಮನೆಗಳಿಗೆಲ್ಲ ಪೆಟ್ಟಿಗೆ ಬಂತು, ಅವಕ್ಕೆ ಬೀಜ ಫಕ್ಕೀರವ್ವನ ಪೆಟ್ಟಿಗೆಯಿಂದಲೇ ಹೋಯಿತು. ಮಕ್ಕಳು ಕೊತ್ತಂಬರಿ ಕಿತ್ತು ಬಾಯಿಗೆ ಹಾಕಿಕೊಂಡು ಶಾಲೆಗೆ ಓಡುತ್ತಿದ್ದರು. ತಪಾಸಣೆಗೆಂದು ಬಂದ ನೀಲಗಂಗಾ ಊಟಕ್ಕೆ ಕೂತಳು. ಅವಳ ಕಣ್ಣು ಮುಚ್ಚಿಸಿ ಫಕ್ಕೀರವ್ವ ಬಾಯಿಗೊಂದು ಎಲೆ ಇಟ್ಟಳು.

"ಮೆಂತ್ಯ," ಎಂದಳು ನೀಲಗಂಗಾ.

"ಹಕ್ಕರಿಕಿರೀ ಅದು! ಇವ್ರು ಡಾಕ್ಟರ್ ಅಂತ!"

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಗೂಳಪ್ಪ ಅದನ್ನೇ ತಿಂದು ಸೌತೆಕಾಯಿ ಎಂದ. ಕೊನೆಗೆ ಫಕ್ಕೀರವ್ವ ತಾನೇ ಸೆರಗಿನಿಂದ ಕಣ್ಣು ಮುಚ್ಚಿಕೊಂಡು, ಗೂಳಪ್ಪ ಕೊಟ್ಟ ಎಲೆಯನ್ನು ಬಾಯಿಗಿಟ್ಟಳು. ಅಗಿದಳು. ಇನ್ನೊಮ್ಮೆ ಅಗಿದಳು.

"ಸಬ್ಬಸಗಿ?"

ಅದೂ ಹಕ್ಕರಿಕೆಯೇ ಆಗಿತ್ತು. ಎಲ್ಲರೂ ಇನ್ನಷ್ಟು ನಕ್ಕರು. ಅವಳು ನಗಲಿಲ್ಲ.

"ಈಗ 'ಹೆಚ್ಚು' ಒತ್ತಿದ್ರಾತಲ್ರೀ?"

"ಇದ್ದದ್ದನ್ನ ಹೆಚ್ಚು ಮಾಡ್ತೈತಿ ಅಕ್ಕಾ. ಹೋದದ್ದನ್ನ ತರಂಗಿಲ್ಲ. ಹಳೇ ಬೀಜ ಬೇಕು."

ಮೆಂತ್ಯ, ಕೊತ್ತಂಬರಿಯ ಬೀಜ ಕಿರಾಣಿ ಅಂಗಡಿಯಲ್ಲೇ ಸಿಕ್ಕಿತು. ಸಬ್ಬಸಿಗೆ, ಪುಂಡಿಯದು ಬೀಜದಂಗಡಿಯಲ್ಲಿತ್ತು. ಹಕ್ಕರಿಕೆಯನ್ನು ಯಾವ ಅಂಗಡಿಯೂ ಮಾರುತ್ತಿರಲಿಲ್ಲ. ಅದು ಹೊಲದಲ್ಲಿ ತಾನಾಗಿ ಹುಟ್ಟಿ, ಕಂಡವರು ಕಿತ್ತು ತಿನ್ನುತ್ತಿದ್ದ ಸೊಪ್ಪು. ನೀಲಗಂಗಾಳ ಪ್ರಯೋಗಾಲಯದ ಬೀಜಭಂಡಾರದಲ್ಲೂ ಇರಲಿಲ್ಲ. ಬೆಳೆ ಅಲ್ಲದ್ದನ್ನು ಅಲ್ಲಿ ಯಾರೂ ತೆಗೆದಿಟ್ಟಿರಲಿಲ್ಲ. ಫಕ್ಕೀರವ್ವ ನವಲಗುಂದದ ಕಡೆಯ ತಮ್ಮ ಯಮನಪ್ಪನಿಗೆ ಫೋನು ಮಾಡಿದಳು.

"ಹಕ್ಕರಿಕಿನಾ? ಅದು ಕಳೆ ಅಲ್ಲೇನ ಅಕ್ಕಾ? ಕಳೆ ಕೀಳೋ ಯಂತ್ರ ಬಂದು ಆರು ವರ್ಷ ಆತು. ಏನೇನು ಕೀಳಬೇಕು ಅಂತ ಪಟ್ಟಿ ಕೊಡಬೇಕಿತ್ತು. ಮೊದಲ್ನೇ ಹೆಸರು ಅದರದ್ದ ಕೊಟ್ಟೀನಿ."

"ಬದುವಿನ ಮ್ಯಾಲಾದ್ರೂ ನೋಡೋ."

"ಬದು ಎಲ್ಲೈತಿ ಈಗ?"

ನೀಲಗಂಗಾ ಒಂದು ಹಂಗಾಮು ಪೂರ್ತಿ ಗದಗ, ರೋಣ, ವಿಜಯಪುರ ಅಲೆದಳು. ಹೊಲಗಳೆಲ್ಲ ಗುಡಿಸಿದ ಅಂಗಳದಂತೆ ಸ್ವಚ್ಛವಾಗಿದ್ದವು.

ಖಾನಾವಳಿ ಈಗಲೂ ತುಂಬಿರುತ್ತದೆ. ಹೊಸ ಮೆಂತ್ಯಕ್ಕೆ ಗೂಳಪ್ಪ ಮುಖ ಕಿವುಚುತ್ತಾನೆ. "ಸುಮ್ನ ತಿನ್ನೋ," ಎಂದು ಫಕ್ಕೀರವ್ವ ಗದರಿ ಇನ್ನೊಂದು ಕಂತೆ ಇಡುತ್ತಾಳೆ, ಅವನು ತಿನ್ನುತ್ತಾನೆ. ಹಕ್ಕರಿಕೆ ಇದ್ದ ಮೇಲಿನ ಅಂತಸ್ತಿಗೂ ಕೊತ್ತಂಬರಿಯನ್ನೇ ಹಾಕಿದ್ದಾಳೆ.

ಐದು ಸೊಪ್ಪುಗಳಲ್ಲಿ ನಾಲ್ಕು ಉಳಿದವು. ಹೋದದ್ದು ಒಂದು.