ಬೆಲ್ಲ ಹಚ್ಚಿದ ಬಂಡೆ

ಕರಡಿ ಹದಿನೈದು ಹೆಜ್ಜಿ ದೂರ ಇತ್ತು!

ಅದಕ್ಕೂ ನನಗೂ ನಡುವ ಮುದುಕಮ್ಮ. ಸಸಿಗೆ ನೀರು ಹಾಕೋ ಹೆಣ್ಮಗಳು. ಕೊಡ ಕೆಳಗ ಬಿದ್ದು ಉರುಳ್ತಿತ್ತು.

"ಅಕ್ಕಾ... ಓಡಬ್ಯಾಡ. ಮೆಲ್ಲಕ ಹಿಂದಕ್ಕ ಬಾ."

"ಕಾಲು ಬರವಲ್ದಪಾ..."

ಅಷ್ಟೊತ್ತಿಗೆ ನನ್ನ ಬೆನ್ನ ಹಿಂದ, ಬಂಡೆ ಸಂದಿಯೊಳಗ, ಎರಡು ಮರಿ ಕುಂಯ್ ಅಂದ್ವು.

ಮುಗೀತು! ಇದು ತಾಯಿ. ನಾವು ತಾಯಿ-ಮರಿ ನಡುವ ನಿಂತೀವಿ.

ಕಿವ್ಯಾಗ ಇಯರ್‌ಫೋನ್. ಆ ಕಡೆ ನಮ್ಮ ಮೈನ್ಸ್ ಮ್ಯಾನೇಜರ್ ಬಸವಕುಮಾರ್ ಒದರ್ತಿದ್ದ.

"ಕನಕರಾಜ್! ಹತ್ತು ಗಂಟೆಗೆ ಕಮಿಟಿ ಬರ್ತೈತಿ. ಅದು ಬಂಡೆ ನೆಕ್ಕೋದು ಅವ್ರು ನೋಡಬಾರ್ದು. ಪಟಾಕಿ ಹಚ್ಚಿ ಓಡಿಸು ಅದನ್ನ!"

"ಹಚ್ಚಿದ್ರ ಮರಿ ಕಡೆ ನುಗ್ತೈತಿ ಸಾರ್. ದಾರ್ಯಾಗ ಮುದುಕಮ್ಮ ಅದಾಳ."

"ಆಕಿ ದಿನಗೂಲಿಯಾಕಿ ಲೇ. ಹಚ್ಚು!"

ಇಯರ್‌ಫೋನ್ ಕಿತ್ತು ಒಗದೆ.

ಇಷ್ಟಕ್ಕೂ ಈ ಕರಡಿನ್ನ ಕರದಾವ ನಾನ! ಸುಳ್ಳು ಯಾಕ ಹೇಳ್ಲಿ?

ಸಂಡೂರು ಗುಡ್ಡದಾಗ ನಮ್ಮ ಮೈನ್ಸ್ ಬಂದ್ ಆಗಿ ಏಳು ವರ್ಷ. ಅದಿರು ಎಲ್ಲಾ ಹೋತು, ಕೆಂಪು ಗುಂಡಿ ಉಳೀತು. ಕೈ ತೊಳ್ಕೊಂಡು ಹೋಗ್ಬೇಕಂದ್ರ ಕಾಡು ವಾಪಸ್ ಬೆಳಸ್ಬೇಕು. ಪ್ರಾಣಿ, ಪಕ್ಷಿ ತಿರುಗಿ ಬಂದಾವ ಅಂತ ತೋರಿಸ್ಬೇಕು. ಆಗ ಕಮಿಟಿ ಬಂದು ನೋಡಿ ಸರ್ಟಿಫಿಕೇಟು ಕೊಡ್ತೈತಿ. ಬಸವಕುಮಾರ್ ಒಂದ ಜಾತಿ ಸಸಿ ಸಾಲಾಗಿ ನೆಡ್ಸಿದ. ಒಂದು ಅಳಿಲೂ ಬರ್ಲಿಲ್ಲ.

"ಕನಕರಾಜ್, ನನಗ ಕರಡಿ ಬೇಕು," ಅಂದ.

ಬೇಕಾದ್ದು ತಂದು ಕೊಡೋದ ನನ್ನ ಕಸುಬು. ಕಮಲಾಪುರದ ಕಡೆ ಕರಡಿ ನೋಡಾಕ ಬಂಡೆಗೆ ಬೆಲ್ಲದ ಪಾಕ ಹಚ್ಚೋದು ಗೊತ್ತಿತ್ತು. ನಾನೂ ಹಚ್ಚಿದೆ. ದಿನಾ ಸಂಜಿಕ, ಒಂದು ತಿಂಗಳು. ಎದುರಿಗೆ ಕ್ಯಾಮೆರಾ ಕಟ್ಟಿದೆ. ಮಸ್ತ್ ಫೋಟೊ ಬಂದ್ವು! ಫೋಟೊ ಬಂದ ಮ್ಯಾಲೆ ಬೆಲ್ಲ ನಿಲ್ಲಿಸು ಅಂದ. ನಿಲ್ಲಿಸಿದೆ.

ಕರಡಿಗೆ ಯಾರು ಹೇಳ್ಬೇಕು?

ಉಳಿದ ಪಾಕ ಕಮಿಟಿ ಕಣ್ಣಿಗೆ ಬೀಳದಂಗ ಸಾಗಿಸಾಕ ಬೆಳಗ್ಗೆ ಆರಕ್ಕ ಬಂದಿದ್ದೆ. ಬಕೆಟ್ಟು ಇನ್ನೂ ಕೈಯಾಗ ಇತ್ತು.

ಮುದುಕಮ್ಮನ್ನ ದಾಟಿ ಮುಂದ ಹೋದೆ. "ಲೇ! ಇಲ್ನೋಡು!"

ಕರಡಿ ಎದ್ದು ನಿಂತಿತು. ಯಪ್ಪಾ, ಏನು ಎತ್ತರ! ಪಾಕ ಚೆಲ್ಲಿಕೋತ ಇಳಿಜಾರಿನ ಕಡೆ ಓಡಿದೆ. ಬೆನ್ನು ಹತ್ತಿತು. ಸಡಿಲ ಮಣ್ಣು... ಕಾಲು ಜಾರ್ತು. ಬೆನ್ನ ಮ್ಯಾಲೆ ಕೆಂಡ ಸುರುವಿದಂಗಾತು.

ಆಮ್ಯಾಲೆ ನನ್ನ ಬಿಟ್ಟು ಪಾಕ ನೆಕ್ಕಾಕ ಹೋತು. ಅಷ್ಟರಾಗ ಮುದುಕಮ್ಮ ಗೇಟ್ ಮುಟ್ಟಿದ್ಲು.

ಮಧ್ಯಾಹ್ನ ಹೊಸಪೇಟೆ ಆಸ್ಪತ್ರ್ಯಾಗ ಬೋರಲು ಮಲಗಿದ್ದೆ. ಬಸವಕುಮಾರ್ ಬಂದು ಕಿವಿ ಹತ್ರ ಬಗ್ಗಿದ.

"ಬೈಕಿಂದ ಬಿದ್ದೆ ಅಂತ ಹೇಳು."

"ಬೈಕಿಗೆ ಉಗುರು ಇರ್ತಾವೇನ್ರಿ?"

"ಬೆಲ್ಲ ಹಚ್ಚಿದ್ದು ನೀನು. ಬಾಯಿ ಬಿಟ್ರ ಜೈಲಿಗೆ ಹೋಗಾವನೂ ನೀನ. ತಿಳೀತಾ?"

ಬಾಗಿಲದಾಗ ಮುದುಕಮ್ಮ. ಆಕಿ ಜೊತೆ ಪಲ್ಲವಿ ಮೇಡಂ, ಕಮಿಟಿಯವ್ರು. ಪ್ರಾಣಿಗಳ ಬಗ್ಗೆ ಓದಿದ ಹುಡುಗಿ.

"ಗುಂಡ್ಯಾಗ ತಿನ್ನೋಕೆ ಒಂದು ಬೋರೆಹಣ್ಣಿನ ಗಿಡ ಇಲ್ಲ," ಅಂದ್ಲು. "ಕರಡಿ ಯಾಕೆ ಬಂತು? ಬೆಲ್ಲ ಹಚ್ಚಿದ್ರಾ? ಖರೇ ಹೇಳ್ರಿ. ರುಚಿ ಹತ್ತಿದ್ರೆ ನಾಳೆ ಕೆಳಗೆ ಇಳೀತದೆ. ಕೆಳಗೆ ಮೊದಲ ಮನೆ ಯಾರ್ದು?"

"ನಂದ, ಯವ್ವಾ," ಅಂದ್ಲು ಮುದುಕಮ್ಮ.

ಸಾಕಾಗಿತ್ತು ನನಗ. ಇಪ್ಪತ್ತು ವರ್ಷ ಮಂದಿ ಸುಳ್ಳು ಹೊತ್ತು ಹೊತ್ತು ಭಾಳ ಸಾಕಾಗಿತ್ತು.

"ನಾನ ಹಚ್ಚಿದೆ ಮೇಡಂ. ಒಂದು ತಿಂಗಳು. ಹಚ್ಚು ಅಂದಾವ್ರು ಇವ್ರು. ಮೊದ್ಲು ಮುದುಕಮ್ಮನ ಓಣಿಗೆ ಕಾವಲು ಹಾಕ್ಸ್ರಿ."

ಬಸವಕುಮಾರ್ ಒದರಿದ. "ಸುಳ್ಳು! ಬೆಲ್ಲಾನೂ ಇಲ್ಲ, ಏನೂ ಇಲ್ಲ! ಆ ಗುಂಡ್ಯಾಗ ಕರಡೀನ ಇಲ್ಲ ಮೇಡಂ!"

ಪಲ್ಲವಿ ಮೇಡಂ ನರ್ಸಿಗೆ ಹೇಳಿ ನನ್ನ ಬೆನ್ನಿನ ಪಟ್ಟಿ ತೆಗೆಸಿ ಒಂದು ಫೋಟೊ ಹೊಡದ್ಲು.

ಸರ್ಟಿಫಿಕೇಟು ಹೋತು. ಓಣಿಗೆ ಕಾವಲು ಬಂತು. ಕೇಸು ನನ್ನ ಮ್ಯಾಲೂ ಬಿತ್ತು, ಬೀಳ್ಲಿ. ಆ ಮೈನ್ಸ್ ಫೈಲ್‌ನ್ಯಾಗ ಬೆಲ್ಲ ಹಚ್ಚದ ಫೋಟೊ ಅಂತ ಇರೋದು ಒಂದ... ನನ್ನ ಬೆನ್ನು, ಹದಿನೆಂಟು ಹೊಲಿಗಿ!