ರಿಪೇರಿಯಾಗಬಾರದ ವ್ಯಾನು

“ಅಪ್ಪಾ, ಕ್ಲಚ್ ಪ್ಲೇಟ್ ಇಲ್ಲೇ ಇದೆಯಲ್ಲ!”

ಬುಗುರಿ ಗ್ಯಾರೇಜಿನ ಪೇಂಟ್ ಡಬ್ಬಗಳ ಹಿಂದೆ ಹುಡುಕುತ್ತಿದ್ದದ್ದು ತನ್ನ ಚೆಂಡನ್ನು. ಸಿಕ್ಕಿದ್ದು ಹೊಚ್ಚ ಹೊಸ ಕ್ಲಚ್ ಪ್ಲೇಟು. ಅದು ಹಿತ್ತಲಲ್ಲಿ ನಿಂತಿರುವ ನೀಲಿ ವ್ಯಾನಿನದೇ. ಮೆಕ್ಯಾನಿಕ್ ಮಗಳಿಗೆ ಅಷ್ಟೂ ಗೊತ್ತಾಗದೆ ಇರುತ್ತದೆಯೇ?

ಅಪ್ಪ ಟ್ರಾಕ್ಟರಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. ಮುಖ ಇಂಗು ತಿಂದ ಮಂಗನ ಹಾಗಿತ್ತು.

“ಅದನ್ನ ಅಲ್ಲೇ ಇಡು.”

“ಪಾರ್ಟ್ ಬಂದಿಲ್ಲ, ಪಾರ್ಟ್ ಬಂದಿಲ್ಲ ಅಂತ ವ್ಯಾನ್ ಆಂಟಿಗೆ ದಿನಾ ಹೇಳ್ತೀಯಲ್ಲ? ಮತ್ತೆ ಇದೇನು?”

“ನಿನಗ್ಯಾಕೆ ಊರ ಉಸಾಬರಿ? ಹೋಗಿ ಹೋಮ್‌ವರ್ಕ್ ಮಾಡು.”

ಬುಗುರಿ ಹೊರಗೆ ಬಂದಳು. ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು. ಸುಳ್ಳು ಹೇಳಬಾರದು ಎಂದು ಕಿವಿ ಹಿಂಡುವ ಅಪ್ಪನೇ ಸುಳ್ಳು ಹೇಳುವುದೇ? ಅದೂ ವ್ಯಾನ್ ಆಂಟಿಗೆ? ಹೋಗಲಿ, ಮೋಸ ಮಾಡಿ ಏನಾದರೂ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಅಪ್ಪ ಆಂಟಿಯಿಂದ ಒಂದು ಬಿಡಿಗಾಸೂ ತೆಗೆದುಕೊಂಡವನಲ್ಲ.

ಆಂಟಿ ವ್ಯಾನಿನ ಹಿಂದಿನ ಬಾಗಿಲು ತೆರೆದಿಟ್ಟು, ಒಳಗೆ ಕೂತು ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ಪಕ್ಕದಲ್ಲಿ ಅವರ ಮಗ ಪಿಸು ಪಾಠ ಓದುತ್ತಿದ್ದ. ಅವನು ಮಾತಾಡುವುದೇ ಪಿಸುಗುಟ್ಟಿದ ಹಾಗೆ. ಅದಕ್ಕೇ ಕ್ಲಾಸಿನವರು ಆ ಹೆಸರಿಟ್ಟಿದ್ದರು. ಅವನು ಶಾಲೆಗೆ ಹೊಸಬ. ಬುಗುರಿಯ ಬೆಂಚಿನಲ್ಲೇ ಕೂರುತ್ತಿದ್ದ.

ಬುಗುರಿಯ ಹೊಟ್ಟೆಯಲ್ಲಿ ಮಾತು ನಿಂತಿದ್ದು ಯಾವತ್ತು?

“ಆಂಟಿ, ನಿಮ್ಮ ಪಾರ್ಟ್ ಬಂದಿದೆ. ನಾನೇ ನೋಡಿದೆ.”

ಮೆಷಿನ್ ನಿಂತಿತು. ಆಂಟಿ ಖುಷಿಪಡುತ್ತಾರೆ, ಕೆನ್ನೆ ಹಿಂಡುತ್ತಾರೆ ಎಂದು ಬುಗುರಿ ಕಾದಳು. ಆದರೆ ಆಂಟಿ ಎದ್ದು, ಮೆಷಿನ್ ಮೇಲೆ ಬಟ್ಟೆ ಹೊದಿಸಿದರು.

“ನಾಳೆ ಟೆಸ್ಟ್ ಇದೆಯಲ್ಲಮ್ಮ,” ಎಂದ ಪಿಸು.

ಆಂಟಿ ವ್ಯಾನಿನಿಂದ ಇಳಿದರು. ನೇರವಾಗಿ ಅಪ್ಪನ ಹತ್ತಿರ ಹೋದರು.

“ಅಣ್ಣ, ಪಾರ್ಟ್ ಬಂದಿದೆಯಂತೆ. ಇವತ್ತೇ ಹಾಕಿಬಿಡಿ. ಹೊರಡ್ತೀವಿ.”

“ಅವಸರ ಏನಿದೆ ತಂಗಿ? ನಿಧಾನವಾಗಿ ಮಾಡಿದ್ರಾಯ್ತು.”

“ಗಾಡಿ ಕೆಟ್ಟಿತ್ತು, ನಿಂತಿದ್ವಿ. ಇನ್ನು ಮೇಲೂ ಇದ್ರೆ ಹಂಗಿನಲ್ಲಿ ಇದ್ದ ಹಾಗೆ. ಅದು ನನ್ನ ಕೈಲಾಗಲ್ಲ.”

ಅಪ್ಪ ವ್ಯಾನಿನ ಕೆಳಗೆ ತೂರಿಕೊಂಡ. ಬುಗುರಿ ಪಕ್ಕದಲ್ಲಿ ಕೂತು, ಅವನು ಕೇಳಿದ ಸ್ಪ್ಯಾನರ್ ಕೊಡುತ್ತಿದ್ದಳು. ಅಪ್ಪ ಒಂದೊಂದನ್ನೂ ಕಸಿದುಕೊಳ್ಳುವ ಹಾಗೆ ತೆಗೆದುಕೊಳ್ಳುತ್ತಿದ್ದ.

“ಅಪ್ಪ, ನಾನು ನಿಜ ತಾನೇ ಹೇಳಿದ್ದು?”

“ಹೌದು.”

“ಮತ್ತೆ ಯಾಕೆ ಕೋಪ?”

“ಇವರು ಇಲ್ಲಿಂದ ಎಲ್ಲಿಗೆ ಹೋಗ್ತಾರೆ ಅಂದ್ಕೊಂಡಿದೀಯ?”

“ಅವರ ಮನೆಗೆ.”

ಸ್ಪ್ಯಾನರ್ ತಿರುಗುವುದು ನಿಂತಿತು. “ಇವರಿದ್ದ ಮನೇನ ಓನರ್ ಮಾರಿಬಿಟ್ಟ. ಈ ಹಳ್ಳಿಗಳಲ್ಲಿ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತೆ? ನಾನೀಗ ರಿಪೇರಿ ಮಾಡ್ತಿದೀನಲ್ಲ, ಇದೇ ಇವರ ಮನೆ. ರಸ್ತೆ ಬದಿ ನಿಲ್ಲಿಸಿ ಮಲಗಿದ್ರೆ ಎಬ್ಬಿಸಿ ಓಡಿಸ್ತಾರೆ. ಗ್ಯಾರೇಜಲ್ಲಿ ಕೆಟ್ಟು ನಿಂತ ಗಾಡೀನ ಯಾರೂ ಕೇಳಲ್ಲ.”

“ಇಲ್ಲೇ ಇರಿ ಅಂತ ನೀನು ಹೇಳಬಹುದಿತ್ತು.”

“ಪಂಕ್ಚರ್ ಹಾಕಿಸೋಕೆ ಬಂದಿದ್ದಾಗಲೇ ಹೇಳಿದೆ. ತಕ್ಷಣ ಹೊರಟೇಬಿಟ್ರು. ಪುಣ್ಯಕ್ಕೆ ಗೇಟಿನ ಹತ್ರ ಕ್ಲಚ್ ಹೋಯ್ತು.”

ಬುಗುರಿಗೆ ತಲೆಬುಡ ತಿಳಿಯಲಿಲ್ಲ. ಗಾಡಿ ಕೆಟ್ಟಿದ್ದರೆ ಇರಲು ಜಾಗವಿದೆ, ಸರಿಹೋದರೆ ಜಾಗವಿಲ್ಲ. ಇದ್ಯಾವ ಸೀಮೆ ನ್ಯಾಯ? ಯಾರು ತಪ್ಪು ಮಾಡಿದ್ದು? ಅಪ್ಪನೂ ಅಲ್ಲ, ಆಂಟಿಯೂ ಅಲ್ಲ. ನಿಜ ಹೇಳಿದ ತಾನೇ ಇರಬೇಕು ಎನ್ನಿಸಿ, ಅವಳ ಕಣ್ಣಲ್ಲಿ ನೀರು ಬಂತು.

ಸಂಜೆಗೆ ವ್ಯಾನು ಸ್ಟಾರ್ಟ್ ಆಯಿತು. ಎಂಜಿನ್ ಚೆನ್ನಾಗಿಯೇ ಇತ್ತು. ಪಿಸು ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಆಂಟಿ ಅಪ್ಪನಿಗೆ ಕೈ ಮುಗಿದರು.

ಬುಗುರಿ ಗ್ಯಾರೇಜಿನೊಳಕ್ಕೆ ಓಡಿದಳು. ಮೂಲೆಯಲ್ಲಿದ್ದ ಟ್ರಾಕ್ಟರ್ ಸೀಟೊಂದನ್ನು ಎರಡು ಕೈಯಲ್ಲೂ ಎಳೆದು ತಂದು, ವ್ಯಾನಿನ ಮುಂದೆಯೇ ಕೆಡವಿದಳು. ಸೀಟು ಉದ್ದಕ್ಕೂ ಹರಿದು, ಒಳಗಿನ ಸ್ಪಂಜು ಆಚೆ ಬಂದಿತ್ತು.

“ಆಂಟಿ, ಇದನ್ನ ಹೊಲಿದುಕೊಡ್ತೀರಾ? ಟ್ರಾಕ್ಟರ್ ಯಜಮಾನ್ರು ಬೇಗ ಬೇಕು ಅಂತ ಗಲಾಟೆ ಮಾಡ್ತಿದಾರೆ. ಇಂಥಾದ್ದನ್ನ ಹೊಲಿಯೋರು ಈ ಊರಲ್ಲಿ ಯಾರೂ ಇಲ್ಲ.”

ಆಂಟಿ ಸೀಟನ್ನು ನೋಡಿದರು. ಸೀಟಿನ ಮೇಲೆ ಬೆರಳು ಮುಳುಗುವಷ್ಟು ಧೂಳಿತ್ತು. ಆಮೇಲೆ ಅಪ್ಪನನ್ನು ನೋಡಿದರು.

ಅಪ್ಪ ಕೆಮ್ಮಿದ. “ಹೌದು ತಂಗಿ. ಇದೊಂದೇ ಅಲ್ಲ, ಒಳಗೆ ಇನ್ನೂ ಬಿದ್ದಿವೆ. ಊರಲ್ಲಿ ಟ್ರಾಕ್ಟರುಗಳಿಗೇನು ಕಮ್ಮಿಯೇ?”

“ಕೂಲಿಗೆ ಬದಲು ನಿಲ್ಲೋಕೆ ಜಾಗ ಆದ್ರೆ ಮಾಡ್ತೀನಿ,” ಎಂದರು ಆಂಟಿ. “ಬಿಟ್ಟಿ ಅಲ್ಲ.”

“ಬಿಟ್ಟಿ ಯಾಕೆ?”

ಆಂಟಿ ಎಂಜಿನ್ ಆಫ್ ಮಾಡಿದರು. ಕೆಳಗಿಳಿದು, ಹರಿದ ಜಾಗವನ್ನು ಬೆರಳಲ್ಲಿ ಅಳೆದರು. ಯಾವ ಯಜಮಾನರು ಎಂದು ಅವರು ಕೇಳಲಿಲ್ಲ.

ಅಪ್ಪನೂ ಕೇಳಲಿಲ್ಲ. ಸುಳ್ಳು ಹೇಳಿದ್ದಕ್ಕೆ ಕಿವಿ ಯಾಕೆ ಹಿಂಡಲಿಲ್ಲ ಎಂದು ಬುಗುರಿಯೂ ಅಪ್ಪನನ್ನು ಕೇಳಲಿಲ್ಲ.