ಅಲೀಮಮ್ಮನ ಮಾಫಿ

ಶಿರ್ವದ ಬಾಲ್ತಜಾರ್ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಸೌದಿಯ ದಮ್ಮಾಮಿನಲ್ಲಿ ಲಾರಿ ಓಡಿಸುತ್ತಿದ್ದ. ಎಂಬತ್ನಾಲ್ಕನೇ ಇಸವಿಯಲ್ಲಿ ಅವನು ಲಾರಿ ಹಿಂದಕ್ಕೆ ತೆಗೆಯುವಾಗ ಚಕ್ರಕ್ಕೆ ಸಿಕ್ಕಿ ಸತ್ತವನು ಬೇರಾರೂ ಅಲ್ಲ, ಅವನ ಜೊತೆ ಒಂದೇ ಕೋಣೆಯಲ್ಲಿ ಉಂಡು ಮಲಗುತ್ತಿದ್ದ ಉಳ್ಳಾಲದ ಕೋಯ. ಬಾಲ್ತಜಾರ್ ಜೈಲು ಸೇರಿದ.

ರಂಜಾನಿನಲ್ಲಿ ರಾಜರು ಕೈದಿಗಳನ್ನು ಕ್ಷಮಿಸುವುದುಂಟು. ಆದರೆ ಜೈಲಿನ ಅಧಿಕಾರಿ ಮೊದಲೇ ಹೇಳಿದ್ದ: "ರಾಜ ಬಿಟ್ಟರೆ ಸಾಲದು, ಸತ್ತವನ ತಾಯಿಯೂ ಬಿಡಬೇಕು." ಅಲೀಮಮ್ಮನಿಗೆ ಕೋಯ ಒಬ್ಬನೇ ಮಗ. ಬಾಲ್ತಜಾರ್ ಆಸೆ ಬಿಟ್ಟ, ಊಟವನ್ನೂ ಬಿಟ್ಟ.

ಉಪವಾಸದ ತಿಂಗಳಿಗೆ ಮುಂಚಿನ ಒಂದು ಮಧ್ಯಾಹ್ನ, ಗೋಡೆ ಕಾದು ಸುಡುತ್ತಿರುವಾಗ, ಅವನ ಬೆನ್ನ ಹಿಂದೆ ಮಾತ್ರ ತಣ್ಣಗಾಯಿತು. ಕೋಯ ಶುಕ್ರವಾರ ಹಚ್ಚಿಕೊಳ್ಳುತ್ತಿದ್ದ ಅತ್ತರಿನ ಪರಿಮಳ ಬಂತು. ಯಾರೋ ಕೂತಂತೆ ಹಾಸಿಗೆಯ ಅಂಚು ತಗ್ಗಿತು.

"ಉಮ್ಮ ಮಾಫಿ ಮಾಡಿದರು ಮಾರಾಯ. ನೀನು ಉಣ್ಣು."

ತಿರುಗಿದರೆ ಎಲ್ಲಿ ಹೋಗಿಬಿಡುತ್ತಾನೋ ಎಂದು ಬಾಲ್ತಜಾರ್ ತಿರುಗಲಿಲ್ಲ. ಅಳುತ್ತಲೇ ತಟ್ಟೆ ಎಳೆದುಕೊಂಡ.

ಹಬ್ಬದ ಮುನ್ನಾದಿನ ಬಿಡುಗಡೆಯಾಯಿತು. "ತಾಯಿಯ ಕಡೆಯವನೊಬ್ಬ ಬಂದು ನ್ಯಾಯಾಧೀಶರೆದುರು ಆಕೆಯ ಒಪ್ಪಿಗೆ ಹೇಳಿಹೋದ" ಎಂದ ಅಧಿಕಾರಿ.

ಊರಿಗೆ ಬಂದವನೇ ಬಾಲ್ತಜಾರ್ ಉಳ್ಳಾಲಕ್ಕೆ ಹೋಗಿ ಅಲೀಮಮ್ಮನ ಕಾಲು ಹಿಡಿದ. ಅವರು ತಲೆ ಸವರಿ, ಮಗನ ಜಾಗದಲ್ಲೇ ಕೂರಿಸಿ ಅಕ್ಕಿರೊಟ್ಟಿಯ ಪತ್ತಿರಿ ಬಡಿಸಿದರು.

"ಅಲ್ಲಿಗೆ ಯಾರನ್ನು ಕಳಿಸಿದ್ದಿರಿ ಉಮ್ಮ?"

ಬಡಿಸುವ ಕೈ ನಿಂತಿತು. "ನನಗೆ ಅಲ್ಲಿ ಯಾರಿದ್ದಾರೆ ಮಗಾ? ಒಂದು ದಿನ ಅಡುಗೆ ಮಾಡುವಾಗ ನಿನ್ನ ನೆನಪಾಯ್ತು. ನೀನೂ ಒಬ್ಬ ತಾಯಿಯ ಮಗನೇ ಅಲ್ವಾ ಅಂತ ಮನಸ್ಸಿನಲ್ಲೇ ಮಾಫಿ ಮಾಡಿದೆ. ಇವತ್ತಿನವರೆಗೆ ಯಾರಿಗೂ ಅದನ್ನು ಹೇಳಲಿಲ್ಲ."